ಉಮ್ಮನ ಕುರ್ಚಿಯ ಮೇಲೆ ತೂಗಿದ ಪ್ರೊಜೆಕ್ಟರ್

2022ರ ಡಿಸೆಂಬರ್ ಮೊದಲ ವಾರ. ಕತಾರ್‌ನಲ್ಲಿ ವಿಶ್ವಕಪ್ ನಡೆಯುತ್ತಿತ್ತು. ನಮ್ಮ ಮನೆಯ ಹಾಲ್‌ನಲ್ಲಿ ಅಕ್ಕಪಕ್ಕದ ಹುಡುಗರೂ ಸೇರಿ ಹದಿನೈದು ಜನ. ರಜೆಯಲ್ಲಿ ಊರಿಗೆ ಬಂದಿದ್ದ ತಮ್ಮ ಗಲ್ಫ್‌ನಿಂದ ತಂದ ಪ್ರೊಜೆಕ್ಟರ್ ಮೇಲೆ ತೂಗುತ್ತಿತ್ತು, ಎದುರಿನ ಗೋಡೆಯಿಡೀ ಹಸಿರು ಮೈದಾನ. ಹಾಫ್ ಟೈಮ್ ಆಯಿತು. ಎಲ್ಲರಿಗೂ ಚಾಯ ಇಡಲು ಉಮ್ಮ ತಮ್ಮ ಕುರ್ಚಿಯಿಂದ ಎದ್ದು ಅಡುಗೆ ಕೋಣೆಗೆ ಹೋದರು. ಎರಡು ನಿಮಿಷ ಆಗಿರಲಿಕ್ಕಿಲ್ಲ. ಮೇಲೆ ಏನೋ ಹರಿದ ಹಾಗೆ ಶಬ್ದ. ತಲೆ ಎತ್ತುವಷ್ಟರಲ್ಲಿ ಪ್ರೊಜೆಕ್ಟರ್, ಅದರ ಕಬ್ಬಿಣದ ಕೈ, ಒಂದು ತುಂಡು ಫಾಲ್ಸ್ ಸೀಲಿಂಗ್, ಎಲ್ಲವೂ ಒಟ್ಟಿಗೆ ಉಮ್ಮನ ಕುರ್ಚಿಯ ಮೇಲೆ.

ಹಾಕಿದ ದಿನವೇ ಉಮ್ಮ ಕೇಳಿದ್ದರು, "ಇದು ತಲೆ ಮೇಲೆ ಬೀಳುವುದಿಲ್ಲ ಅಲ್ವಾ ಮೋನೆ?" ನಾವೆಲ್ಲ ನಕ್ಕಿದ್ದೆವು.

ತಪ್ಪು ಯಾರದ್ದು? ಹಾಕಿದ ಹುಡುಗನದ್ದು ಅಂತ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ "ಮ್ಯಾಚ್ ಶುರುವಾಗುವ ಮೊದಲು ಆಗಬೇಕು, ಹೇಗಾದರೂ ಮಾಡು" ಅಂದದ್ದು ನಾವೇ. ಎಲ್ಲಿಗೆ ಸ್ಕ್ರೂ ಹೊಡೆಯುತ್ತಿದ್ದಾನೆ ಎಂದು ಒಬ್ಬರೂ ಕೇಳಲಿಲ್ಲ. ಆಮೇಲೆ ಅನುಭವಿ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ, ಪಕ್ಕದಲ್ಲೇ ನಿಂತು ಮತ್ತೆ ಹಾಕಿಸಿದೆವು. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಈಗ ಗಲ್ಫ್ ಪೆಟ್ಟಿಗೆಯಲ್ಲಿ ಪ್ರೊಜೆಕ್ಟರ್ ಬರುತ್ತಿದೆ. 2026ರ ವಿಶ್ವಕಪ್‌ನ ದಿನಗಳು ಜೂನ್ 11ರಿಂದ ಜುಲೈ 19. ಅಂದರೆ ನಮ್ಮಲ್ಲಿ ಜೋರು ಮಳೆಗಾಲ.

ಮೇಲೆ ಇರುವುದು ಏನು?

ಮೊದಲ ಪ್ರಶ್ನೆ ಪ್ರೊಜೆಕ್ಟರ್ ಯಾವುದು ಎಂಬುದಲ್ಲ, ತಲೆಯ ಮೇಲೆ ಇರುವ ಮಾಡು ಯಾವುದು ಎಂಬುದು. ಮನೆಗೆ ಬಳಸುವ ಹೆಚ್ಚಿನ ಪ್ರೊಜೆಕ್ಟರ್‌ಗಳ ತೂಕ 1ರಿಂದ 4 ಕೆ.ಜಿ. ಇದೇನು ದೊಡ್ಡ ಭಾರ ಅಂತ ಅನಿಸುತ್ತದೆ. ಬ್ರಾಕೆಟ್‌ನ ಪೆಟ್ಟಿಗೆಯ ಮೇಲೆ 10 ಕೆ.ಜಿ., 15 ಕೆ.ಜಿ. ತಡೆಯುತ್ತದೆ ಎಂದು ಬರೆದೂ ಇರುತ್ತದೆ. ಆದರೆ ಅದು ಬ್ರಾಕೆಟ್‌ನ ಶಕ್ತಿ, ನಿಮ್ಮ ಸೀಲಿಂಗ್‌ನ ಶಕ್ತಿ ಅಲ್ಲ.

ನಮ್ಮ ಮನೆಯಲ್ಲಿ ಇದ್ದದ್ದು ಜಿಪ್ಸಂ ಫಾಲ್ಸ್ ಸೀಲಿಂಗ್. ಅದರ ಹಲಗೆ ಸುಮಾರು 12 ಮಿ.ಮೀ. ದಪ್ಪ, ತೆಳು ತಗಡಿನ ಪಟ್ಟಿಗೆ ಅಂಟಿಕೊಂಡಿರುತ್ತದೆ. ತನ್ನ ಭಾರ ಮತ್ತು ಸಣ್ಣ ಲೈಟ್‌ಗಳ ಭಾರ ಹೊರಲು ಮಾತ್ರ ಅದು ಇರುವುದು. ನಾಲ್ಕು ಸ್ಕ್ರೂ ಹೊಡೆದರೆ ಆ ದಿನಕ್ಕೆ ನಿಲ್ಲುತ್ತದೆ. ಆದರೆ ಪ್ರೊಜೆಕ್ಟರ್ ಒಳಗಿನ ಫ್ಯಾನ್ ಸದಾ ಸಣ್ಣಗೆ ಅದುರುತ್ತಿರುತ್ತದೆ. ಸ್ಕ್ರೂ ಸುತ್ತ ಪುಡಿ ಉದುರುತ್ತಾ ಉದುರುತ್ತಾ ಒಂದು ದಿನ ಬಾಯಿ ಬಿಡುತ್ತದೆ. ನಮ್ಮದು ಎರಡು ವಾರ ನಿಂತಿತ್ತು. ಹಾಕಿದ ದಿನ ನಿಂತಿತು ಅಂದರೆ ಗಟ್ಟಿ ಎಂದಲ್ಲ ಮಾರಾಯ್ರೆ.

ಅದೇ ಹಾಲ್‌ನ ಸೀಲಿಂಗ್ ಫ್ಯಾನ್ ನೋಡಿ. ಅದರ ರಾಡ್ ಫಾಲ್ಸ್ ಸೀಲಿಂಗ್‌ನ ತೂತಿನಿಂದ ಹಾದು ಮೇಲಿನ ಸ್ಲ್ಯಾಬ್‌ನ ಕೊಕ್ಕೆಗೆ ಸಿಕ್ಕಿಕೊಂಡಿದೆ. ಪ್ರೊಜೆಕ್ಟರ್‌ಗೂ ಅದೇ ನ್ಯಾಯ. ಫಾಲ್ಸ್ ಸೀಲಿಂಗ್‌ನಲ್ಲಿ ತೂತು ಮಾಡಿ, ಪೈಪ್ ಅಥವಾ ಥ್ರೆಡ್ ರಾಡ್ ಅನ್ನು ಸ್ಲ್ಯಾಬ್‌ಗೇ ಕಟ್ಟಬೇಕು. ಹಾಗಂತ ಫ್ಯಾನ್ ಇರುವ ಕೊಕ್ಕೆಗೇ ಪ್ರೊಜೆಕ್ಟರ್ ತೂಗಲು ಹೋಗಬೇಡಿ.

ಆರ್‌ಸಿಸಿ ಸ್ಲ್ಯಾಬ್ ಆದರೆ ಕೆಲಸ ಸುಲಭ, ಆದರೂ ಎರಡು ಮಾತು ನೆನಪಿರಲಿ. ಒಂದು, ಸ್ಲ್ಯಾಬ್‌ನ ಕೆಳಗೆ ಸಿಮೆಂಟ್ ಗಿಲಾವು ಇರುತ್ತದೆ. ಬೋಲ್ಟ್ ಹಿಡಿಯಬೇಕಾದ್ದು ಗಿಲಾವನ್ನಲ್ಲ, ಅದರ ಮೇಲಿನ ಕಾಂಕ್ರೀಟನ್ನು. ಎರಡು, ಗೋಡೆಗೆ ಫೋಟೋ ಹಾಕುವ ಪ್ಲಾಸ್ಟಿಕ್ ಗಟ್ಟಿ ಇಲ್ಲಿ ಬೇಡ. ಗೋಡೆಯಲ್ಲಿ ಸ್ಕ್ರೂವಿನ ಭಾರ ಅಡ್ಡಕ್ಕೆ ಬೀಳುತ್ತದೆ, ಮೇಲೆ ಅದು ನೇರ ಕೆಳಕ್ಕೆ ಎಳೆಯುತ್ತದೆ. ಬಿಗಿ ಮಾಡಿದಂತೆ ಒಳಗೆ ಅರಳಿಕೊಳ್ಳುವ ಕಬ್ಬಿಣದ ಆಂಕರ್ ಬೋಲ್ಟ್ ಬೇಕು. ಬ್ರಾಕೆಟ್‌ನ ತಟ್ಟೆಯಲ್ಲಿ ನಾಲ್ಕು ತೂತು ಇದ್ದರೆ ನಾಲ್ಕಕ್ಕೂ ಬೋಲ್ಟ್ ಬೇಕು, "ಎರಡು ಸಾಕು" ಎಂಬ ಮಾತು ಬೇಡ. ಡ್ರಿಲ್ ಮಾಡುವಾಗ ಸರಳು ಸಿಕ್ಕಿದರೆ ಅದನ್ನು ಕೊರೆಯಬಾರದು, ತೂತಿನ ಜಾಗ ಬದಲಿಸಬೇಕು. ಮಳೆಗಾಲದಲ್ಲಿ ಒಸರುವ ಜಾಗದ ಹತ್ತಿರವಂತೂ ಹೋಗಲೇಬೇಡಿ.

ಹಳೇ ಹಂಚಿನ ಮನೆ ಆದರೆ? ಹಂಚು ಕೂರುವ ರೀಪು ಹಂಚಿನ ಭಾರಕ್ಕೆ ಮಾತ್ರ, ಅದಕ್ಕೆ ಏನನ್ನೂ ತೂಗಬಾರದು. ಮುಚ್ಚಿಗೆಯ ಹಲಗೆಗೂ ಬೇಡ. ಗಟ್ಟಿ ತೊಲೆ ಇದ್ದರೆ ಅದಕ್ಕೇ ಬ್ರಾಕೆಟ್ ಕಟ್ಟಬೇಕು. ಮೊದಲು ತೊಲೆಯನ್ನು ಬಡಿದು ನೋಡಿ. ಟೊಳ್ಳು ಶಬ್ದ ಬಂದರೆ, ಮಣ್ಣಿನ ಗೆರೆ ಕಂಡರೆ ಒಳಗೆ ಗೆದ್ದಲು ಉಂಟು ಅಂತಲೇ ಲೆಕ್ಕ. ಹಂಚಿನ ಸಂದಿಯಿಂದ ಮಳೆಯ ತುಂತುರು ಬರುವ ಜಾಗದಲ್ಲಿ ಕರೆಂಟಿನ ವಸ್ತು ತೂಗುವುದು ಹೇಗೂ ಸರಿಯಲ್ಲ.

ಅಳತೆ ಮೊದಲು, ಡ್ರಿಲ್ ಆಮೇಲೆ

ಒಮ್ಮೆ ತೂತು ಕೊರೆದ ಮೇಲೆ "ಚಿತ್ರ ಗೋಡೆಗಿಂತ ದೊಡ್ಡದಾಯಿತು" ಅಂದರೆ ಏನು ಮಾಡುವುದು? ಪ್ರೊಜೆಕ್ಟರ್‌ನ ಪುಸ್ತಕದಲ್ಲಿ 'ಥ್ರೋ ರೇಶಿಯೋ' ಎಂಬ ಒಂದು ಅಂಕಿ ಇರುತ್ತದೆ. ಚಿತ್ರದ ಅಗಲವನ್ನು ಅದರಿಂದ ಗುಣಿಸಿದರೆ ಲೆನ್ಸ್‌ನಿಂದ ಗೋಡೆಗೆ ಎಷ್ಟು ದೂರ ಬೇಕು ಎಂದು ಸಿಗುತ್ತದೆ.

100 ಇಂಚಿನ ಚಿತ್ರ ಎಂದರೆ ಮೂಲೆಯಿಂದ ಮೂಲೆಗೆ 100 ಇಂಚು. ಅಗಲ ಸುಮಾರು 87 ಇಂಚು, ಎತ್ತರ 49 ಇಂಚು. ಥ್ರೋ ರೇಶಿಯೋ 1.5 ಇದ್ದರೆ ಲೆನ್ಸ್ ಗೋಡೆಯಿಂದ ಸುಮಾರು 11 ಅಡಿ ದೂರ ಇರಬೇಕು. ಕೋಣೆಯ ಉದ್ದವೇ 12 ಅಡಿ ಆದರೆ ಪ್ರೊಜೆಕ್ಟರ್‌ನ ಬೆನ್ನು ಹಿಂದಿನ ಗೋಡೆಗೆ ತಾಗುತ್ತದೆ, ಬಿಸಿ ಗಾಳಿ ಹೋಗಲು ದಾರಿಯೇ ಇಲ್ಲ. ಅದೇ ಕೋಣೆಯಲ್ಲಿ 90 ಇಂಚಿನ ಚಿತ್ರಕ್ಕೆ ಒಪ್ಪಿದರೆ ಲೆನ್ಸ್ 10 ಅಡಿಯೊಳಗೆ ಬರುತ್ತದೆ, ಹಿಂದೆ ಒಂದು ಅಡಿ ಜಾಗ ಉಳಿಯುತ್ತದೆ. ಹತ್ತು ಇಂಚಿನ ಆಸೆ ಬಿಟ್ಟರೆ ಯಂತ್ರ ಬಾಳಿಕೆ ಬರುತ್ತದೆ.

ಮೇಲೆ ತೂಗುವಾಗ ಹೆಚ್ಚಿನ ಪ್ರೊಜೆಕ್ಟರ್‌ಗಳನ್ನು ತಲೆಕೆಳಗು ಮಾಡಿ ಕಟ್ಟುತ್ತಾರೆ. ಮೆನುವಿನಲ್ಲಿ 'ಸೀಲಿಂಗ್' ಎಂದು ಆರಿಸಿದರೆ ಚಿತ್ರ ನೇರವಾಗುತ್ತದೆ. ಡ್ರಿಲ್ ಮಾಡುವ ಮೊದಲು ಒಂದು ದಿನ ಪ್ರೊಜೆಕ್ಟರನ್ನು ಮೇಜಿನ ಮೇಲಿಟ್ಟು ದೂರ ನೋಡಿಕೊಳ್ಳಿ, ನೆಲದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಫ್ಯಾನ್ ತಿರುಗಿಸಿಯೂ ನೋಡಿ. ರೆಕ್ಕೆ ಬೆಳಕಿಗೆ ಅಡ್ಡ ಬಂದರೆ ಮ್ಯಾಚ್ ಪೂರ್ತಿ ಚಿತ್ರ ಮಿಣುಕುತ್ತದೆ. ಪೈಪ್ ಬೇಕಾದಷ್ಟೇ ಉದ್ದ ಇರಲಿ, ಉದ್ದವಾದಷ್ಟೂ ಅಲುಗಾಟ ಜಾಸ್ತಿ. ಜನ ನಡೆದಾಡುವ ಕಡೆ ಕೆಳತುದಿ 7 ಅಡಿಗಿಂತ ಮೇಲೇ ಇರಲಿ.

ಇನ್ನೊಂದು ಅಳತೆ ಟೇಪಿನಿಂದ ಆಗುವಂಥದ್ದಲ್ಲ. ಕೆಳಗೆ ಯಾರು ಕೂರುತ್ತಾರೆ? ತೊಟ್ಟಿಲು ಎಲ್ಲಿ, ವಯಸ್ಸಾದವರ ಮಂಚ ಎಲ್ಲಿ? ಒಂದಡಿ ಆಚೀಚೆ ಮಾಡಲು ಸಾಧ್ಯವಿದ್ದರೆ ಅವರ ತಲೆಯ ನೇರಕ್ಕೆ ಬಾರದ ಹಾಗೆ ಮಾಡಿ. ಇಲ್ಲದಿದ್ದರೆ ಕುರ್ಚಿಯನ್ನಾದರೂ ಸರಿಸಿ.

ಸಣ್ಣ ಸ್ಕ್ರೂ, ದೊಡ್ಡ ವಿಷಯ

ಪ್ರೊಜೆಕ್ಟರ್‌ನ ಹೊಟ್ಟೆಯಲ್ಲಿ ಮೂರೋ ನಾಲ್ಕೋ ಸ್ಕ್ರೂ ತೂತುಗಳಿರುತ್ತವೆ. ಅವುಗಳಿಗೆ ಎಷ್ಟು ದಪ್ಪದ, ಎಷ್ಟು ಉದ್ದದ ಸ್ಕ್ರೂ ಎಂದು ಪುಸ್ತಕದಲ್ಲಿ ಬರೆದಿರುತ್ತದೆ. ಉದ್ದ ಹೆಚ್ಚಾದರೆ ಒಳಗಿನ ಬೋರ್ಡಿಗೆ ಚುಚ್ಚುತ್ತದೆ, ಕಡಿಮೆಯಾದರೆ ಎರಡೇ ಸುತ್ತಿನಲ್ಲಿ ನೇತಾಡುತ್ತದೆ. ಎಲ್ಲ ತೂತಿಗೂ ಸ್ಕ್ರೂ ಹಾಕಿ.

ಸ್ಕ್ರೂ ಸಡಿಲ ಆಗಬಾರದು ಅಂತ ಕೆಲವರು ಗಮ್ ಹಾಕುತ್ತಾರೆ, ಸುಲಭವಾಗಿ ತಿರುಗಲಿ ಅಂತ ಎಣ್ಣೆ ಬಿಡುತ್ತಾರೆ. ಎರಡೂ ಬೇಡ. ಇವು ಪ್ಲಾಸ್ಟಿಕ್ ಮೈಯನ್ನು ಬಿರುಕು ಬಿಡಿಸಿ ಪ್ರೊಜೆಕ್ಟರ್ ಬೀಳುವ ಹಾಗೆ ಮಾಡಬಹುದು. ತಯಾರಕರ ಎಚ್ಚರಿಕೆಯಲ್ಲೇ ಇದು ಇರುತ್ತದೆ, ನಾವು ಓದುವುದಿಲ್ಲ ಅಷ್ಟೆ.

ನಮ್ಮದು ಕಡಲ ಕರೆಯ ಊರು. ಉಪ್ಪು ಗಾಳಿಗೆ ಸಾದಾ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಸತು ಲೇಪದ ಬೋಲ್ಟ್ ಕೇಳಿ ತನ್ನಿ. ವ್ಯತ್ಯಾಸ ಕೆಲವು ರೂಪಾಯಿ ಮಾತ್ರ.

ಬ್ರಾಕೆಟ್ ಹಾಕಿದ ಕೂಡಲೇ ಪ್ರೊಜೆಕ್ಟರ್ ಏರಿಸಬೇಡಿ. ನಮ್ಮ ಎಲೆಕ್ಟ್ರಿಷಿಯನ್ ಮಾಡಿದ ಪರೀಕ್ಷೆ ಬಹಳ ಸರಳ. ನಮ್ಮ ಪ್ರೊಜೆಕ್ಟರ್ 3 ಕೆ.ಜಿ., ಬ್ರಾಕೆಟ್ 15 ಕೆ.ಜಿ.ಯದ್ದು. ಕೆಳಗೆ ಹಾಸಿಗೆ ಹಾಸಿ, 10 ಲೀಟರ್ ನೀರು ತುಂಬಿದ ಬಕೆಟನ್ನು ಬ್ರಾಕೆಟ್‌ಗೆ ತೂಗುಬಿಟ್ಟರು. ಅಂದರೆ 10 ಕೆ.ಜಿ.ಗೂ ಮೇಲೆ, ಪ್ರೊಜೆಕ್ಟರ್‌ನ ಮೂರು ಪಟ್ಟು. ಒಂದು ರಾತ್ರಿ ಹಾಗೇ ಬಿಟ್ಟೆವು, ಯಾರೂ ಕೆಳಗೆ ಸುಳಿಯಲಿಲ್ಲ. ಬೆಳಿಗ್ಗೆ ತಟ್ಟೆ ಒಂದು ಕೂದಲೆಳೆಯೂ ಇಳಿದಿರಲಿಲ್ಲ. ಬ್ರಾಕೆಟ್‌ನ ಮೇಲೆ ಬರೆದ ತೂಕ ಮೀರದ ಹಾಗೆ ನೋಡಿಕೊಂಡು ಈ ಪರೀಕ್ಷೆ ನೀವೂ ಮಾಡಬಹುದು.

ಕೊನೆಗೆ ಒಂದು ತೆಳು ಉಕ್ಕಿನ ಹಗ್ಗ. ಒಂದು ತುದಿ ಪ್ರೊಜೆಕ್ಟರ್‌ಗೆ, ಇನ್ನೊಂದು ತುದಿ ಸ್ಲ್ಯಾಬ್‌ನಲ್ಲಿ ಬೇರೆಯೇ ಬೋಲ್ಟ್‌ಗೆ. ಬ್ರಾಕೆಟ್ ಕೈಕೊಟ್ಟರೂ ಪ್ರೊಜೆಕ್ಟರ್ ನೇತಾಡುತ್ತದೆಯೇ ಹೊರತು ತಲೆಗೆ ಬರುವುದಿಲ್ಲ. ಈ ಹಗ್ಗ ಮೊದಲೇ ಇದ್ದಿದ್ದರೆ ಅಂದು ಉಮ್ಮನ ಕುರ್ಚಿ ಮುರಿಯುತ್ತಿರಲಿಲ್ಲ.

ಕರೆಂಟಿನ ಜೊತೆ ಆಟ ಬೇಡ

ಫ್ಯಾನ್‌ನ ವಯರ್ ಸ್ಲ್ಯಾಬ್ ಒಳಗಿನ ಪೈಪಿನಲ್ಲಿ ಹೋಗಿರುತ್ತದೆ. ಸಾಮಾನ್ಯವಾಗಿ ಸ್ವಿಚ್ ಬೋರ್ಡಿನಿಂದ ನೇರ ಮೇಲೆ, ಅಲ್ಲಿಂದ ಫ್ಯಾನ್‌ಗೆ. ಆದರೆ ಹಾಗೇ ಇದೆ ಎಂಬ ಗ್ಯಾರಂಟಿ ಇಲ್ಲ. ಆ ದಾರಿ ತಪ್ಪಿಸಿ ಕೊರೆಯಿರಿ, ಕೊರೆಯುವಾಗ ಆ ಕೋಣೆಯ ಎಂಸಿಬಿ ಇಳಿಸಿರಲಿ. ಡ್ರಿಲ್‌ಗೆ ಕರೆಂಟ್ ಬೇಕಲ್ವಾ ಅಂತ ಕೇಳಬಹುದು. ಬೇರೆ ಎಂಸಿಬಿಯ ಕೋಣೆಯಿಂದ ವಯರ್ ಎಳೆಯಿರಿ, ಇಲ್ಲವೇ ಬ್ಯಾಟರಿ ಡ್ರಿಲ್ ತನ್ನಿ.

ಗಲ್ಫ್‌ನಿಂದ ಬಂದ ಪ್ರೊಜೆಕ್ಟರ್‌ಗೆ ಮೂರು ಚೌಕ ಪಿನ್ನಿನ ಪ್ಲಗ್ ಇರುತ್ತದೆ. ಅದಕ್ಕೆ ಅಗ್ಗದ ಕನ್ವರ್ಟರ್ ಸಿಕ್ಕಿಸಿ ಸೀಲಿಂಗ್‌ನಲ್ಲಿ ಬಿಟ್ಟರೆ ಸಡಿಲವಾಗಿ ಕಿಡಿ ಹಾರುವ ಸಾಧ್ಯತೆ ಉಂಟು, ಮೇಲೆ ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಹೆಚ್ಚಿನ ಪ್ರೊಜೆಕ್ಟರ್‌ಗಳಲ್ಲಿ ಕರೆಂಟಿನ ವಯರ್ ಬೇರೆಯೇ ತೆಗೆಯಲು ಬರುತ್ತದೆ. ನಮ್ಮ ಮೂರು ಪಿನ್ನಿನ ವಯರ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನೇ ಹಾಕಿ. ಪ್ರೊಜೆಕ್ಟರ್ ಪಕ್ಕದಲ್ಲೇ ಅರ್ಥ್ ಇರುವ ಒಂದು ಪ್ಲಗ್ ಪಾಯಿಂಟ್ ಮಾಡಿಸಿ, ಅದರ ಸ್ವಿಚ್ ಕೆಳಗೆ ಕೈಗೆ ಸಿಗಲಿ. ಫ್ಯಾನ್ ವಯರ್‌ನಿಂದ ಕದ್ದು ಟೇಪ್ ಸುತ್ತುವುದು, ಎಕ್ಸ್‌ಟೆನ್ಶನ್ ಬಾಕ್ಸ್ ನೇತಾಡಿಸುವುದು, ಇದೆಲ್ಲ ಬೇಡ. ಎಚ್‌ಡಿಎಂಐ ವಯರನ್ನು ಕರೆಂಟಿನ ಪೈಪ್ ಒಳಗೆ ತುರುಕಬೇಡಿ, ಅದಕ್ಕೆ ಬೇರೆ ಪಟ್ಟಿ ಇರಲಿ.

ಏಣಿಗೆ ಇಬ್ಬರು ಬೇಕೇ ಬೇಕು. ಒಬ್ಬರು ಮೇಲೆ, ಒಬ್ಬರು ಹಿಡಿದುಕೊಳ್ಳಲು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸ್ಟೂಲ್ ಇಟ್ಟು ಹತ್ತುವ ಸಾಹಸ ಬೇಡ. ಮೇಲ್ಮುಖವಾಗಿ ಕೊರೆಯುವಾಗ ಪುಡಿಯೆಲ್ಲ ಕಣ್ಣಿಗೇ ಬೀಳುತ್ತದೆ, ಕನ್ನಡಕ ಇರಲಿ.

ಹಾಕಿದ ಮೇಲೂ

ಸಿಡಿಲು ಗುಡುಗಿನ ದಿನಗಳಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ತೆಗೆಯಬೇಕು. ಆದ್ದರಿಂದ ಪ್ಲಗ್ ಏಣಿಯಿಲ್ಲದೆ ಸಿಗುವ ಹಾಗಿದ್ದರೆ ಇನ್ನೂ ಒಳ್ಳೆಯದು. ಲ್ಯಾಂಪಿನ ಪ್ರೊಜೆಕ್ಟರ್ ಆದರೆ ಆಫ್ ಮಾಡಿದ ಮೇಲೆ ಒಳಗಿನ ಫ್ಯಾನ್ ನಿಲ್ಲುವ ತನಕ ಕರೆಂಟ್ ತೆಗೆಯಬೇಡಿ. ಮಕ್ಕಳು ಲೆನ್ಸ್ ಕಡೆ ನೆಟ್ಟಗೆ ನೋಡದ ಹಾಗೆ ನೋಡಿಕೊಳ್ಳಿ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು, ಮುಗಿದ ಮೇಲೆ ಒಮ್ಮೆ ಏಣಿ ಹತ್ತಿ ಸ್ಕ್ರೂ ಸಡಿಲ ಆಗಿದೆಯಾ, ತುಕ್ಕು ಬಂದಿದೆಯಾ, ಸುತ್ತ ಒದ್ದೆಯಾಗಿದೆಯಾ ನೋಡಿ. ಧೂಳು ಒರೆಸುವ ಕೆಲಸವೂ ಆಗುತ್ತದೆ.

ಮೇಲೆಯೇ ತೂಗಬೇಕು ಅಂತ ಕಡ್ಡಾಯ ಏನಿಲ್ಲ. ಬಾಡಿಗೆ ಮನೆ, ಹಳೇ ಮಾಡು, ಒಸರುವ ಸ್ಲ್ಯಾಬ್, ಇದರಲ್ಲಿ ಯಾವುದಾದರೂ ಆದರೆ ಹಿಂದಿನ ಗೋಡೆಯ ಬದಿಯಲ್ಲಿ ಒಂದು ಗಟ್ಟಿ ಕಪಾಟು ಸಾಕು. ಮುರಕಲ್ಲಿನ ಗೋಡೆಗೆ ಸಣ್ಣ ಹಲಗೆ ಹೊಡೆದು ಅದರ ಮೇಲಿಡುವುದಕ್ಕಿಂತ ಅದೇ ಮೇಲು. ಮುರಕಲ್ಲಿನಲ್ಲಿ ಸಣ್ಣ ಗಟ್ಟಿ ಬೇಗ ಸಡಿಲವಾಗುತ್ತದೆ.

ಬಿದ್ದ ಪ್ರೊಜೆಕ್ಟರ್ ಮತ್ತೆ ಸರಿಯಾಗಲಿಲ್ಲ. ಫೈನಲ್ ನೋಡಿದ್ದು ಹಳೇ ಟಿ.ವಿ.ಯಲ್ಲೇ. ಮರುವರ್ಷ ತಮ್ಮ ಇನ್ನೊಂದು ತಂದ. ಈ ಸಲ ಬೋಲ್ಟ್, ಬಕೆಟ್, ಉಕ್ಕಿನ ಹಗ್ಗ ಎಲ್ಲವೂ ಆದ ಮೇಲೆ ಉಮ್ಮನನ್ನು ಕರೆದು ತೋರಿಸಿದೆವು. ಅವರು ತಲೆ ಎತ್ತಿ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಮ್ಮ ಹೊಸ ಕುರ್ಚಿಯನ್ನು ಎರಡಡಿ ಪಕ್ಕಕ್ಕೆ ಎಳೆದು ಕೂತರು. ನಾವು ಯಾರೂ ನಗಲಿಲ್ಲ.