900 ಕಿ.ಮೀ. ಮಣ್ಣಿನ ಹಾದಿ, ಜತೆಗೊಂದು ಸೈಕಲ್: ಆಸ್ಟ್ರೇಲಿಯಾದ ಮಾಸನ್ ಟ್ರೇಲ್‌ನಲ್ಲಿ ನೀರಿನ ಲೆಕ್ಕವೇ ಏಕೆ ಮುಖ್ಯ?

ಆಸ್ಟ್ರೇಲಿಯಾದ ಒಳನಾಡಿನಲ್ಲಿ 'ಸ್ಟೇಷನ್' ಎಂದರೆ ರೈಲು ನಿಲ್ಲುವ ಜಾಗವಲ್ಲ, ಪೊಲೀಸ್ ಠಾಣೆಯೂ ಅಲ್ಲ. ಕುರಿ, ದನ ಮೇಯಿಸುವ ಸಾವಿರಾರು ಎಕರೆಯ ಜಮೀನು. ಇಂಥ ಸ್ಟೇಷನ್‌ಗಳ ಮಣ್ಣಿನ ದಾರಿಗಳಲ್ಲಿ ಮೌಂಟೇನ್ ಬೈಕ್ ಏರಿ ಹೋಗುವವರಿಗೆ ಚಿರಪರಿಚಿತ ಹೆಸರು ಮಾಸನ್ ಟ್ರೇಲ್.

ದಕ್ಷಿಣ ಆಸ್ಟ್ರೇಲಿಯಾದ ರಾಜಧಾನಿ ಅಡಿಲೇಡ್‌ನಿಂದ ಹೊರಟು ಫ್ಲಿಂಡರ್ಸ್ ಬೆಟ್ಟಸಾಲಿನ ಬ್ಲಿನ್‌ಮನ್ ಎಂಬ ಪುಟ್ಟ ಊರಿನಲ್ಲಿ ಮುಗಿಯುವ ಈ ಹಾದಿಯ ಉದ್ದ ಸುಮಾರು 900 ಕಿ.ಮೀ. ಅಂಟಾರ್ಕ್ಟಿಕಾ ಅನ್ವೇಷಕ ಸರ್ ಡಗ್ಲಾಸ್ ಮಾಸನ್ ಹೆಸರನ್ನು ಇದಕ್ಕೆ ಇಡಲಾಗಿದೆ. 1911-14ರ ದಂಡಯಾತ್ರೆಯಲ್ಲಿ ಇಬ್ಬರು ಸಂಗಡಿಗರನ್ನು ಕಳೆದುಕೊಂಡು ಒಬ್ಬಂಟಿಯಾಗಿ ಶಿಬಿರಕ್ಕೆ ಮರಳಿದವರು ಇವರೇ. ಅಡಿಲೇಡ್‌ನಲ್ಲಿ ಭೂವಿಜ್ಞಾನ ಪ್ರಾಧ್ಯಾಪಕರಾಗಿದ್ದ ಅವರು ಫ್ಲಿಂಡರ್ಸ್‌ನ ಬಂಡೆಗಳನ್ನೂ ಅಧ್ಯಯನ ಮಾಡಿದ್ದರು.

ಮೊದಲ ಭಾಗ ಸುಲಭ. ಬರೋಸಾ, ಕ್ಲೇರ್ ಕಣಿವೆಗಳ ದ್ರಾಕ್ಷಿ ತೋಟಗಳು, ನಡುನಡುವೆ ಊರು, ಬೇಕರಿ, ನಲ್ಲಿ. ಉತ್ತರಕ್ಕೆ ಹೋದಂತೆ ಊರುಗಳ ಅಂತರ ಹೆಚ್ಚುತ್ತದೆ, ಮೊಬೈಲ್ ಸಿಗ್ನಲ್ ಕೈಕೊಡುತ್ತದೆ.

ಗೆರೆಯ ಆಚೆ

1865ರಲ್ಲಿ, ಭೀಕರ ಬರದ ನಡುವೆ, ಸರ್ವೇಯರ್ ಜನರಲ್ ಜಾರ್ಜ್ ಗಾಯ್ಡರ್ ನಕ್ಷೆಯಲ್ಲಿ ಒಂದು ಗೆರೆ ಎಳೆದರು. ಅದರ ಉತ್ತರಕ್ಕೆ ಮಳೆಯನ್ನು ನಂಬಿ ಬಿತ್ತುವಂತಿಲ್ಲ ಎಂಬುದು ಅದರ ಅರ್ಥ. ಮುಂದೆ ನಾಲ್ಕಾರು ವರ್ಷ ಒಳ್ಳೆಯ ಮಳೆ ಬಂದಿದ್ದೇ ತಡ, ಗೋಧಿ ಬೆಳೆಯಲು ಜನ ಗೆರೆ ದಾಟಿದರು. 1880ರ ದಶಕದಲ್ಲಿ ಮತ್ತೆ ಬರ ಬಂತು. ಅವರು ಬಿಟ್ಟುಹೋದ ಕಲ್ಲಿನ ಮನೆಗಳು ಹಾಕರ್, ಕ್ವಾರ್ನ್ ಸುತ್ತಮುತ್ತ ಚಾವಣಿಯಿಲ್ಲದೆ ಇಂದಿಗೂ ನಿಂತಿವೆ. ಸೈಕಲ್ ಹಾದಿ ಈ ಗೆರೆಯನ್ನು ದಾಟಿಯೇ ಹೋಗುತ್ತದೆ.

ನಕ್ಷೆಯಲ್ಲಿ ನೀಲಿಯಾಗಿ ಕಾಣುವ ಹಳ್ಳಗಳಲ್ಲಿ ವರ್ಷದ ಬಹುಪಾಲು ಇರುವುದು ಮರಳು, ಕಲ್ಲು ಮಾತ್ರ. ಹೀಗಾಗಿ ಸವಾರರು ನೀರು ಹೊತ್ತೇ ಸಾಗಬೇಕು. ದಿನಕ್ಕೆ 6 ಲೀಟರ್ ಎಂದುಕೊಂಡರೂ ಎರಡು ದಿನಕ್ಕೆ 12 ಕೆ.ಜಿ. ಭಾರ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಇತ್ತ ತಲೆ ಹಾಕದಿರುವುದೇ ಕ್ಷೇಮ. ಏಪ್ರಿಲ್‌ನಿಂದ ಅಕ್ಟೋಬರ್ ಸೂಕ್ತ ಕಾಲ.

ಹಾಗೆಂದು ಮಳೆ ಬಂದರೆ ಖುಷಿಪಡುವಂತಿಲ್ಲ. ಜೇಡಿಮಣ್ಣು ಟೈರಿಗೆ ಮೆತ್ತಿಕೊಂಡು ಚಕ್ರವೇ ತಿರುಗದಂತಾಗುತ್ತದೆ. ಎರೆ ಹೊಲದಲ್ಲಿ ಮಳೆಗಾಲದಲ್ಲಿ ಸೈಕಲ್ ತಳ್ಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಒಣಗುವವರೆಗೆ ಕಾಯುವುದು, ಇಲ್ಲವೇ ಸೈಕಲನ್ನು ಹೊತ್ತು ನಡೆಯುವುದು, ಎರಡೇ ದಾರಿ. ನಮ್ಮ ನೆಗ್ಗಿಲು ಮುಳ್ಳು ಅಲ್ಲೂ ಇದೆ! ಅದಕ್ಕಾಗಿಯೇ ಹಲವರು ಟ್ಯೂಬ್ ಬದಲು, ತೂತನ್ನು ತಾನೇ ಮುಚ್ಚುವ ದ್ರವ ತುಂಬಿದ ಟ್ಯೂಬ್‌ಲೆಸ್ ಟೈರ್ ಹಾಕಿಸುತ್ತಾರೆ.

ಗೇಟ್ ಮುಚ್ಚಬೇಕೇ, ಬೇಡವೇ?

ಜಮೀನುಗಳ ನಡುವೆ ಹಾದುಹೋಗುವಾಗ ಗೇಟುಗಳು ಎದುರಾಗುತ್ತವೆ. ನಿಯಮ ಒಂದೇ: ಹೇಗಿತ್ತೋ ಹಾಗೇ ಬಿಡಬೇಕು. ಮುಚ್ಚಿದ ಗೇಟು ತೆರೆದಿಟ್ಟರೆ ಕುರಿಗಳು ಚದುರುತ್ತವೆ, ಇದು ಎಲ್ಲರಿಗೂ ಹೊಳೆಯುತ್ತದೆ. ತೆರೆದಿದ್ದನ್ನು 'ಒಳ್ಳೆಯದಾಗಲಿ' ಎಂದು ಮುಚ್ಚುವುದು ಇನ್ನೂ ಅಪಾಯ. ಆ ಗೇಟಿನಾಚೆಯೇ ಕುರಿಗಳ ನೀರಿನ ತೊಟ್ಟಿ ಇರಬಹುದು. ಮಾಲೀಕರು ಮತ್ತೆ ಆ ಕಡೆ ಬರುವುದು ಕೆಲ ದಿನಗಳ ನಂತರ. ಅಷ್ಟರಲ್ಲಿ ಮಂದೆ ಬಾಯಾರಿ ಸಾಯಬಹುದು.

ಇಡೀ ಹಾದಿ ಮುಗಿಸಲು ಸಾಮಾನ್ಯವಾಗಿ ಎರಡು ವಾರ ಬೇಕು. ತಾಮ್ರದ ಗಣಿಯಿಂದ ಹುಟ್ಟಿದ ಬ್ಲಿನ್‌ಮನ್‌ಗೆ ರೈಲಿಲ್ಲ. ಅಡಿಲೇಡ್‌ಗೆ ಮರಳುವ ವಾಹನವನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಂಡಿರಬೇಕು.