ಚಿಟ್ಟೆಯ ಕಾಲಿನಲ್ಲಿ ಸಿಕ್ಕ ಗುರುತು

ರೆಕ್ಕೆಯ ಬಣ್ಣ, ಅಂಗಗಳ ಆಕಾರದಂಥ ಹೊರಲಕ್ಷಣಗಳಿಂದ ಪ್ರಭೇದಗಳನ್ನು ಗುರುತಿಸುವ ಲಿನೇಯಸ್ ಕಾಲದ ಪದ್ಧತಿಯೇ ಇಂದಿಗೂ ವರ್ಗೀಕರಣದ ತಳಹದಿಯಾಗಿದ್ದರೂ, ಮೊಟ್ಟೆ, ಮರಿಹುಳು, ಒಣಗಿದ ತುಂಡುಗಳ ಎದುರು ಅದು ಸೋಲುತ್ತಲೇ ಬಂದಿತ್ತು. ಈ ಕೊರತೆಗೆ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೀಬರ್ಟ್ ಮತ್ತು ಸಂಗಡಿಗರು 2003ರಲ್ಲಿ ದಿಟ್ಟ ಪರಿಹಾರವೊಂದನ್ನು ಮುಂದಿಟ್ಟರು: ಅಂಗಡಿಯ ಸರಕನ್ನು ಬಾರ್‌ಕೋಡ್‌ನಿಂದ ಗುರುತಿಸುವಂತೆ, ಪ್ರಾಣಿಯ ಡಿಎನ್‌ಎಯಲ್ಲಿ ಗೊತ್ತುಪಡಿಸಿದ ಒಂದೇ ತುಣುಕನ್ನು ಓದಿ ಅದರ ಪ್ರಭೇದವನ್ನು ಹೇಳಬಹುದು.

ಅವರು ಆರಿಸಿದ್ದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಸಿಒಐ ಎಂಬ ವಂಶವಾಹಿಯ ಸುಮಾರು 650 ಅಕ್ಷರಗಳ ಭಾಗವನ್ನು. ಅಕ್ಷರಗಳೆಂದರೆ ಎ, ಟಿ, ಜಿ, ಸಿ ಎಂಬ ನಾಲ್ಕು ಪ್ರತ್ಯಾಮ್ಲಗಳು. ಈ ಭಾಗವು ಸಾಮಾನ್ಯವಾಗಿ ಒಂದು ಪ್ರಭೇದದೊಳಗೆ ಹೆಚ್ಚು ಬದಲಾಗದೆ, ಪ್ರಭೇದದಿಂದ ಪ್ರಭೇದಕ್ಕೆ ಸಾಕಷ್ಟು ಬದಲಾಗುತ್ತದೆ. ಕೋಶದಲ್ಲಿ ಅದರ ಪ್ರತಿಗಳು ಹೇರಳವಾಗಿರುವುದರಿಂದ ಸಂಗ್ರಹಾಲಯದ ಚಿಟ್ಟೆಯ ಒಣಗಿದ ಕಾಲೊಂದೇ ಪರೀಕ್ಷೆಗೆ ಸಾಕಾಗುತ್ತದೆ. ಸಸ್ಯಗಳಲ್ಲಿ ಇದೇ ಭಾಗ ತೀರ ನಿಧಾನವಾಗಿ ಬದಲಾಗುವ ಕಾರಣ, ಅವುಗಳಿಗಾಗಿ 2009ರಲ್ಲಿ ಹರಿತ್ತಿನ ಕಣಗಳ ಎರಡು ವಂಶವಾಹಿಗಳನ್ನು ಆರಿಸಬೇಕಾಯಿತು.

ಈ ವಿಧಾನದ ನಿಜವಾದ ಪರೀಕ್ಷೆ ನಡೆದದ್ದು ವಾಯವ್ಯ ಕೋಸ್ಟರಿಕಾದ ಗ್ವಾನಕಾಸ್ಟೆ ಕಾಡುಗಳ ಒಂದು ಚಿಟ್ಟೆಯ ಮೇಲೆ. 1775ರಲ್ಲಿಯೇ ವಿವರಿಸಲಾಗಿದ್ದ ಅಸ್ಟ್ರಾಪ್ಟಿಸ್ ಫಲ್ಜರೇಟರ್ ಎಂಬ ಆ ಚಿಟ್ಟೆಯನ್ನು ಎಲ್ಲರೂ ಒಂದೇ ಪ್ರಭೇದವೆಂದು ಭಾವಿಸಿದ್ದರು. ಆದರೆ ಪರಿಸರವಿಜ್ಞಾನಿಗಳಾದ ಡೇನಿಯಲ್ ಜಾನ್ಜೆನ್, ವಿನಿ ಹಾಲ್‌ವಾಕ್ಸ್ ಮತ್ತು ಅವರ ಸ್ಥಳೀಯ ಸಹಾಯಕರು 25 ವರ್ಷಗಳ ಕಾಲ ಕಾಡಿನಿಂದ ಕಂಬಳಿಹುಳುಗಳನ್ನು ತಂದು, ಅವು ತಿನ್ನುತ್ತಿದ್ದ ಎಲೆಯನ್ನೇ ತಿನ್ನಿಸಿ ಚಿಟ್ಟೆಯಾಗುವವರೆಗೆ ಸಾಕಿದಾಗ, ಬಣ್ಣದಲ್ಲಿಯೂ ಆಹಾರದ ಗಿಡದಲ್ಲಿಯೂ ಬೇರೆಬೇರೆಯಾಗಿದ್ದ ಹುಳುಗಳಿಂದ ಹೆಚ್ಚುಕಡಿಮೆ ಒಂದೇ ರೂಪದ ಚಿಟ್ಟೆಗಳು ಹೊರಬಂದವು. ತಜ್ಞರು ಕೊನೆಯ ತೀರ್ಪಿಗೆ ನಂಬುವ ಜನನಾಂಗಗಳಲ್ಲಿಯೂ ಭೇದ ಕಾಣಲಿಲ್ಲ. 2004ರಲ್ಲಿ ಆ ಚಿಟ್ಟೆಗಳ ಬಾರ್‌ಕೋಡ್‌ಗಳನ್ನು ಸಾಕಣೆಯ ದಾಖಲೆಗಳ ಪಕ್ಕದಲ್ಲಿಟ್ಟು ನೋಡಿದಾಗ ಅಲ್ಲಿರುವುದು ಕನಿಷ್ಠ ಹತ್ತು ಪ್ರಭೇದಗಳೆಂದು ಸಂಶೋಧಕರು ಸಾರಿದರು. ಯಾವ ಚಿಟ್ಟೆ ಯಾವ ಎಲೆಯಿಂದ ಬಂದಿತೆಂಬ ಆ ದಾಖಲೆಗಳಿಲ್ಲದಿದ್ದರೆ, ಅಕ್ಷರಗಳ ವ್ಯತ್ಯಾಸಕ್ಕೆ ಅರ್ಥ ಹುಟ್ಟುತ್ತಲೇ ಇರಲಿಲ್ಲ. ಪ್ರಯೋಗಾಲಯಕ್ಕೆ ಸಂದ ಕೀರ್ತಿಯಲ್ಲಿ ಈ ಹುಳು ಸಾಕಿದವರ ಪಾಲು ದೊಡ್ಡದು.

ಆದರೆ ಹತ್ತು ಪ್ರಭೇದಗಳೆಂಬ ಈ ತೀರ್ಮಾನವನ್ನು ಎಲ್ಲರೂ ಒಪ್ಪಲಿಲ್ಲ. ಅದೇ ಮಾಹಿತಿಯನ್ನು ಮರುಪರಿಶೀಲಿಸಿದ ಕೀಟವಿಜ್ಞಾನಿ ಆಂಡ್ರ್ಯೂ ಬ್ರೋವರ್, 2006ರಲ್ಲಿ, ಆಧಾರ ದೊರೆಯುವುದು ಕನಿಷ್ಠ ಮೂರಕ್ಕೆ, ಹೆಚ್ಚೆಂದರೆ ಏಳಕ್ಕೆ ಎಂದು ವಾದಿಸಿದರು. ಅಷ್ಟು ಕಾಲವೂ ಸಂಕೇತನಾಮಗಳಲ್ಲಿಯೇ ಉಳಿದಿದ್ದ ಆ ಹತ್ತಕ್ಕೂ ಡಿಎನ್‌ಎ ಲಕ್ಷಣಗಳನ್ನು ಆಧರಿಸಿ 2010ರಲ್ಲಿ ವಿಧಿವತ್ತಾಗಿ ವೈಜ್ಞಾನಿಕ ಹೆಸರಿಟ್ಟವರೂ, ಇದೊಂದು ಕೆಟ್ಟ ಮೇಲ್ಪಂಕ್ತಿಯೆಂದು ಎಚ್ಚರಿಸುತ್ತಲೇ, ಅದೇ ಬ್ರೋವರ್.