ಕೊಟ್ಟಿಗೆಯ ಮೂಲೆಯ ಹಳೆಯ ಯೆಜ್ಡಿ

ಮಲೆನಾಡಿನ ತೋಟದ ಮನೆಗಳಲ್ಲಿ ಗೊಬ್ಬರದ ಚೀಲ, ಹಳೆಯ ಪೈಪುಗಳ ಹಿಂದೆ ಗೋಣಿತಾಟು ಹೊದ್ದುಕೊಂಡು ನಿಂತ ಒಂದು ಜಾವಾ ಅಥವಾ ಯೆಜ್ಡಿ ಇಂದಿಗೂ ಕಾಣಸಿಗುವುದುಂಟು. ಮನೆಯ ಹುಡುಗರಿಗೆ ಈಗ ಅದನ್ನು ಬಿಚ್ಚಿ, ತಮ್ಮ ಇಷ್ಟದಂತೆ ಕಟ್ಟಿ, ಓಡಿಸುವ ಹುಮ್ಮಸ್ಸು ಬಂದಿದೆ. ಹುಮ್ಮಸ್ಸು ಒಳ್ಳೆಯದೇ. ಆದರೆ ಮೊದಲ ಸಲ ಕೈಹಾಕಿದವರ ಎಷ್ಟೋ ಬೈಕುಗಳು ಅರ್ಧ ಬಿಚ್ಚಿದ ಸ್ಥಿತಿಯಲ್ಲೇ ಉಳಿದು, ಕೊನೆಗೆ ಚೀಲ ತುಂಬಿದ ಕಬ್ಬಿಣವಾಗಿ ಗುಜರಿಯವರ ತಕ್ಕಡಿ ಏರುತ್ತವೆ. ಹಾಗಾಗದಿರಲೆಂದು ಬೆಳೆಗಾರ ಬಂಧುಗಳಿಗೆ ಉಪಯೋಗವಾಗುವ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

ಇದು ನಮ್ಮ ನಾಡಿನದೇ ಬೈಕು. ಚೆಕೊಸ್ಲೊವಾಕಿಯದ ಜಾವಾ ಕಂಪನಿಯ ಸಹಯೋಗದಿಂದ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಕೆಲಸ ಆರಂಭಿಸಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಮರಳಿದ ಜಾವಾ, 2022ರಲ್ಲಿ ಮರಳಿದ ಯೆಜ್ಡಿ ಹೆಸರಿಗೆ ಮಾತ್ರ ಅದೇ ವಂಶ. ಅವು ನಾಲ್ಕು ಸ್ಟ್ರೋಕಿನ ಎಂಜಿನ್ನಿನವು, ಅವುಗಳ ಎಂಜಿನ್ ಭಾಗ ಹಳೆಯದಕ್ಕೆ ಹೊಂದದು.

ಸ್ಪ್ಯಾನರ್ ಹಿಡಿಯುವ ಮೊದಲು ಕಾಗದಪತ್ರ ನೋಡಬೇಕು. ಛಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಉಜ್ಜಿ ಓದಿ ಆರ್.ಸಿ. ಪುಸ್ತಕದೊಂದಿಗೆ ತಾಳೆ ನೋಡಿರಿ. ಪುಸ್ತಕ ತೀರಿಹೋದ ಹಿರಿಯರ ಹೆಸರಿನಲ್ಲಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳುವುದೇ ಮೊದಲ ಕೆಲಸ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2021ರ ನಿಯಮದಂತೆ 50 ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ನೋಂದಣಿಯೂ ಇದೆ. ಆದರೆ ಆ ನೋಂದಣಿಯ ಬೈಕನ್ನು ಪ್ರದರ್ಶನ, ರ‍್ಯಾಲಿ ಮೊದಲಾದವಕ್ಕೆ ಒಯ್ಯಬಹುದೇ ಹೊರತು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪೇಟೆಗೆ ಹೋಗಿಬರಲು ಬೈಕು ಬೇಕೆನ್ನುವವರಿಗೆ ಸಾಮಾನ್ಯ ನವೀಕರಣವೇ ಸರಿ.

ಮಾರ್ಪಾಡಿನ ವಿಷಯದಲ್ಲಿ ನಾವು ಸ್ವಲ್ಪ ಕಟ್ಟುನಿಟ್ಟು. ತಯಾರಕರು ನಮೂದಿಸಿದ ಮೂಲ ರಚನೆಗೆ ವಿರುದ್ಧವಾಗಿ ವಾಹನ ಬದಲಿಸಬಾರದೆಂದು ಮೋಟಾರು ವಾಹನ ಕಾಯಿದೆಯ 52ನೇ ಕಲಮು ಹೇಳುತ್ತದೆ. ಸುಪ್ರೀಂ ಕೋರ್ಟು 2019ರಲ್ಲಿ ಅದನ್ನೇ ಎತ್ತಿಹಿಡಿದಿದೆ. ಆದ್ದರಿಂದ ಚೌಕಟ್ಟನ್ನು ಕತ್ತರಿಸಿ ಬೆಸುಗೆ ಹಾಕುವುದು, ಸೈಲೆನ್ಸರ್ ಕಿತ್ತು ಬರೀ ಕೊಳವೆ ಕೂರಿಸುವುದು ಬೇಡ. ಸೀಟಿನ ಹೊದಿಕೆ, ಹ್ಯಾಂಡಲ್ಲಿನ ಹಿಡಿ, ಬಣ್ಣ ಇವುಗಳಲ್ಲಿ ನಿಮ್ಮ ಚಮತ್ಕಾರ ತೋರಿಸಿ. ಬಣ್ಣ ಬದಲಾದರೆ ಆರ್.ಸಿ.ಯಲ್ಲೂ ಬದಲಿಸಿಕೊಳ್ಳಿ.

ಹೊಸಬರಿಗೆ ಈ ಎಂಜಿನ್ ಹೇಳಿ ಮಾಡಿಸಿದಂತಿದೆ. 250ರಲ್ಲಿ ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು, ವಾಲ್ವುಗಳ ಗೋಜಿಲ್ಲ. ಗೇರಿನ ಕಡ್ಡಿಯೇ ಕಿಕ್ಕರ್ ಕೂಡ. ಎರಡು ಸ್ಟ್ರೋಕಿನ ಕಳೆ ಕತ್ತರಿಸುವ ಯಂತ್ರಕ್ಕೆ ಪೆಟ್ರೋಲಿನೊಂದಿಗೆ ಆಯಿಲ್ ಬೆರೆಸಿ ಗೊತ್ತಿರುವವರಿಗೆ ಇದರ ಸ್ವಭಾವ ಅರ್ಧ ತಿಳಿದಂತೆಯೇ. ಬಹುಮಂದಿ ಎಡವುವುದು ಕ್ರ್ಯಾಂಕಿನ ಆಯಿಲ್ ಸೀಲಿನಲ್ಲಿ. ವರ್ಷಗಟ್ಟಲೆ ನಿಂತ ಬೈಕಿನ ಸೀಲು ಒಣಗಿ ಬಿರುಕು ಬಿಟ್ಟಿರುತ್ತದೆ. ಅದರ ಮೂಲಕ ಗಾಳಿ ನುಗ್ಗಿದರೆ ಮಿಶ್ರಣ ತೆಳುವಾಗಿ, ಎಂಜಿನ್ ವಿಪರೀತ ಕಾದು, ಹೊಸದಾಗಿ ಬೋರ್ ಮಾಡಿಸಿ ಹಾಕಿದ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಸಾವಿರಗಟ್ಟಲೆ ರೂಪಾಯಿಯ ಕೆಲಸವನ್ನು ಒಂದು ರಬ್ಬರಿನ ಬಳೆ ಕೆಡಿಸಿಬಿಡುತ್ತದೆ. ಸೀಲು ಬದಲಿಸದೆ ಬೋರ್ ಮಾಡಿಸಬೇಡಿ.

ನಮ್ಮ ಕೊಟ್ಟಿಗೆಗಳಲ್ಲಿ ಇನ್ನೊಂದು ಶತ್ರುವಿದೆ. ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ಕಬ್ಬಿಣದ ಚೂರಿ ಅದ್ದಿ ನೋಡುತ್ತೇವಲ್ಲ, ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ತಾಮ್ರ ಕೂರುತ್ತದೆ. ಮೈಲುತುತ್ತದ ಚೀಲದ ಪಕ್ಕದಲ್ಲಿ ನಿಂತ ಬೈಕಿನ ಕಬ್ಬಿಣಕ್ಕೂ ಆ ಹುಡಿ ತೇವದೊಡನೆ ಸೇರಿದರೆ ಅದೇ ಗತಿ. ರಸಗೊಬ್ಬರವೂ ಕಡಿಮೆಯೇನಲ್ಲ. ಮೊದಲು ಬೈಕಿಗೆ ಬೇರೆ ಜಾಗ ಮಾಡಿ.

ಕೆಲಸವನ್ನು ತೋಟದ ಪಂಚಾಂಗಕ್ಕೆ ಹೊಂದಿಸಿಕೊಳ್ಳುವುದು ಜಾಣತನ. ಔಷಧಿ ಹೊಡೆದು ಮುಗಿದು ಮಳೆ ಹಿಡಿದ ದಿನಗಳಲ್ಲಿ ಎಂಜಿನ್ ಬಿಚ್ಚಿರಿ. ಒಂದು ಭಾಗ ಬಿಚ್ಚಿ, ಸರಿಪಡಿಸಿ, ಜೋಡಿಸಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿರಿ. ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಚೀಟಿ ಅಂಟಿಸಿರಿ. ಬಣ್ಣ ಮಾತ್ರ ಮಳೆಗಾಲದಲ್ಲಿ ಬೇಡ, ತೇವಕ್ಕೆ ಹೊಳಪು ಸತ್ತು ಬಿಳುಚಿಕೊಳ್ಳುತ್ತದೆ. ಕಾಫಿ ಕುಯ್ಲು, ಅಡಿಕೆ ಸುಲಿತ ಮುಗಿದು ಮಾರ್ಚಿ ಬಿಸಿಲು ಬರಲಿ. ಖರ್ಚಿನ ಬಗ್ಗೆ ಒಂದೇ ಮಾತು: ಬೆಳೆಸಾಲದ ಹಣವನ್ನು ಇದಕ್ಕೆ ಮುಟ್ಟಕೂಡದು.

ಪೆಟ್ರೋಲಿನ ವಿಷಯವೂ ಮೊದಲಿನಂತಿಲ್ಲ. 2025ರಲ್ಲಿ ದೇಶವು ಶೇ. 20ರಷ್ಟು ಎಥೆನಾಲ್ ಬೆರೆಸುವ ಮಟ್ಟ ಮುಟ್ಟಿತು. ಎಥೆನಾಲ್ ಹಳೆಯ ರಬ್ಬರ್ ಕೊಳವೆಗಳನ್ನು ಮೆತ್ತಗಾಗಿಸುತ್ತದೆ, ನಮ್ಮ ಹವೆಯ ತೇವವನ್ನೂ ಹೀರುತ್ತದೆ. ಆ ನೀರು ಟ್ಯಾಂಕಿನ ತಳದಲ್ಲಿ ನಿಂತು ತುಕ್ಕು ತರುತ್ತದೆ. ಎಥೆನಾಲ್ ತಡೆಯುವ ಹೊಸ ಕೊಳವೆ ಹಾಕಿಸಿ, ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್, ಕಾರ್ಬುರೇಟರ್ ಎರಡನ್ನೂ ಬರಿದು ಮಾಡಿ.

ಬೈಕು ಸಿದ್ಧವಾದ ಮೇಲೆ ಚಾರ್ಮಾಡಿ, ಆಗುಂಬೆಯ ಕಡೆ ಹೊರಡುವವರು ಗಮನಿಸಬೇಕು. ಆಯಿಲ್ ಪೆಟ್ರೋಲಿನೊಂದಿಗೇ ಬರುವ ಈ ಎಂಜಿನ್ನಿನಲ್ಲಿ, ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲಿಯೇ ಉದ್ದನೆಯ ಇಳಿಜಾರು ಇಳಿದರೆ ಪಿಸ್ಟನ್ನಿಗೆ ಎಣ್ಣೆಯೂ ಸಿಗುವುದಿಲ್ಲ. ಆಗಾಗ ಒಂದಿಷ್ಟು ತಿರುಗಿಸಿ ಬಿಡುತ್ತಿರಬೇಕು. ಇಳಿಯುವಾಗ ವೇಗ ತಡೆಯುವ ಶಕ್ತಿ ಈ ಎಂಜಿನ್ನಿಗೆ ಕಡಿಮೆ, ಭಾರವೆಲ್ಲ ಬ್ರೇಕಿನ ಮೇಲೆಯೇ ಬೀಳುತ್ತದೆ. ಆದ್ದರಿಂದ ಬಣ್ಣಕ್ಕೆ ಹಣ ತೆಗೆದಿಡುವ ಮೊದಲು ಎರಡೂ ಚಕ್ರಕ್ಕೆ ಹೊಸ ಬ್ರೇಕ್ ಶೂ, ಹೊಸ ಕೇಬಲ್ ಹಾಕಿಸಿರಿ. ಜೇಬಿನಲ್ಲಿ ಒಂದು ಸ್ಪಾರ್ಕ್ ಪ್ಲಗ್ ಹೆಚ್ಚಿಗೆ ಇರಲಿ.